ಎಣ್ಣೆ ಪುಸ್ತಕ

ಇಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಹದಿನೇಳು ವರ್ಷದಲ್ಲಿ ನಾನು ಬರೆದದ್ದು
ಆಳು, ಹಾಜರಿ, ಲೀಟರು.

ಚೆಟ್ಟಳ್ಳಿಯ ಇಳಿಜಾರಿನಲ್ಲಿ
ಕಾಫಿ ಕುಯ್ದು ಮುಗಿದ ಮೇಲೆ ಮರದ ಸರದಿ.
ನಾಲ್ಕಡಿ ಸುತ್ತಳತೆ ದಾಟಿದ ಸಿಲ್ವರ್ ಮರಕ್ಕೆಲ್ಲ
ಕೆಂಪು ಬಣ್ಣದ ನಂಬರು.
ಈ ವರ್ಷ ನೂರಾ ಹನ್ನೆರಡು.

ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಬಾಗಿಲಲ್ಲಿ ಕುಂಞಿಮೊಯ್ದು
ಎಳೆಗೂಸಿಗೆ ಔಷಧಿ ಕುಡಿಸುವ ಹಾಗೆ
ಗರಗಸಕ್ಕೆ ಪೆಟ್ರೋಲು ಹಾಕುತ್ತಾನೆ.
ಹನಿ ಚೆಲ್ಲಿದರೆ ನನ್ನ ಮುಖ ನೋಡುತ್ತಾನೆ.
ಬರೆದುಕೊಳ್ಳುತ್ತೇನೆ: ಗರಗಸ, ಮೂರೂವರೆ.
ವಿಂಚಿನ ಟ್ರ್ಯಾಕ್ಟರು, ಹದಿನೆಂಟು.
ಕುಶಾಲನಗರದ ಪ್ಲೈವುಡ್ ಕಾರ್ಖಾನೆಗೆ ಲಾರಿ
ಹೋಗಿ ಬರಲು ಹದಿನಾಲ್ಕು.
ಬರುವಾಗ ಖಾಲಿ. ಖಾಲಿ ಲಾರಿಯೂ ಕುಡಿಯುತ್ತದೆ.

ಪೊನ್ನಂಪೇಟೆಯ ಕಾಲೇಜಿನಿಂದ ದೇಚಮ್ಮ ಬಂದಳು,
ಕೈಯಲ್ಲಿ ಓಡಿಸಿ ನಿಲ್ಲಿಸುವ ಗಡಿಯಾರ.
ಮರ ಬೀಳುವ ತನಕ ಕೆಲಸವಿಲ್ಲದೆ
ಗುರುಗುಟ್ಟುವ ಟ್ರ್ಯಾಕ್ಟರಿಗೂ ನಿಮಿಷ ಎಣಿಸಿದಳು.
"ಅಂಕಲ್, ನಿಮ್ಮ ಪುಸ್ತಕ ಓದಲು ಕೊಡಿ" ಅಂದಳು.
ರೈಟರಿಗೆ ಸಿಕ್ಕ ಮೊದಲ ಓದುಗಿ!
ಶಾಯಿ ಹರಡಿದ ಪುಟಕ್ಕೆ ನಾಚಿಕೊಂಡೆ.

ಅವಳು ಹೇಳಿದ ಲೆಕ್ಕ ನಿದ್ದೆ ಕೆಡಿಸಿತು.
ಒಂದು ಲೀಟರು ಡೀಸೆಲ್ ತಕ್ಕಡಿಗಿಟ್ಟರೆ
ಒಂದು ಕೆಜಿಯೂ ತೂಗದು.
ಉರಿದು ಹೊಗೆಯಾದರೆ ಇಂಗಾಲದ ಗಾಳಿಯೇ
ಎರಡೂವರೆ ಕೆಜಿಗೂ ಮೇಲೆ.
ಹೇಗಮ್ಮ ಅಂದೆ.
ಐದು ಮೂಟೆ ಹಣ್ಣು ಒಣಗಿ ಒಂದು ಮೂಟೆ ಬೀಜವಾಗುವುದು ಬಲ್ಲೆ,
ಉರಿದದ್ದು ತೂಕ ಏರುವುದು ಎಲ್ಲಿ?
"ಗಾಳಿಯಿಂದ ಕಡ ತೆಗೆಯುತ್ತದೆ ಅಂಕಲ್,
ನಾವು ಉಸಿರಾಡುವುದನ್ನೇ."

ಆ ಕಡಕ್ಕೆ ನನ್ನಲ್ಲಿ ಕಾಲಮ್ಮಿರಲಿಲ್ಲ.
ಸ್ಕೇಲು ಸಿಗದೆ ಹಾಜರಿ ಪುಸ್ತಕದ ಅಂಚಿಟ್ಟು
ಒಂದು ಗೆರೆ ಎಳೆದೆ. ಸೊಟ್ಟಗಾಯಿತು.
ಮೇಲೆ 'ಹೊಗೆ' ಎಂದು ಬರೆದೆ.

ವಿಂಚಿನ ಹಗ್ಗ ಹಿಡಿಯುವ ಜೇನುಕುರುಬರ ದೋಬಿ
ಹಿಂದೆ ದುಬಾರೆಯಲ್ಲಿ ಆನೆಯ ಕತ್ತಿನ ಮೇಲೆ ಕೂತವನು.
"ಆನೆಗೆಷ್ಟು ಲೀಟರು?" ಅಂತ ನಗುತ್ತ ಕೇಳಿದೆ.
ಹುಲ್ಲು, ಬೆಲ್ಲ, ರಾಗಿಮುದ್ದೆ ಎಣಿಸಿದ.
"ಅದರ ಲೆಕ್ಕ ಅಲ್ಲಲ್ಲೇ ಬೀಳ್ತಿತ್ತು ರೈಟರೇ,
ಮಳೆ ಬಿದ್ದರೆ ಲದ್ದಿಯೊಳಗಿಂದ ಸಸಿ ಏಳೋದು."
ಸ್ವಲ್ಪ ಹೊತ್ತು ಸುಮ್ಮನಿದ್ದು
ತನ್ನದೇ ಕಣಕಾಲು ಮುಟ್ಟಿದ.
"ಸರಪಳಿ ಇಲ್ಲಿ. ಕೀವಾಗಿತ್ತು.
ಅದನ್ನ ಯಾವ ಪುಸ್ತಕದಲ್ಲಿ ಬರೀತಿದ್ದರೋ."

ಈಗ ನನ್ನ ಮಾತು.
ಟ್ರ್ಯಾಕ್ಟರು ಕುಡಿಯುವುದು ಹದಿನೈದು.
ಹದಿನೆಂಟು ಬರೆದವನು ನಾನು.
ಮೂರು ಲೀಟರು ಬಿಳಿ ಕ್ಯಾನಿನಲ್ಲಿ,
ಸ್ಕೂಟರಿನ ಕಾಲಡಿ, ಮೇಲೊಂದು ಗೋಣಿ,
ಕತ್ತಲಾದ ಮೇಲೆ ಕೆಳಗಿನ ತೋಟಕ್ಕೆ.
ಧಣಿಗೆ ಸುಳ್ಳು ಹೇಳಿದ್ದು ಎದೆಗೆ ತಾಗಿರಲಿಲ್ಲ.
ಅವಳು ಆ ಹದಿನೆಂಟನ್ನು ತನ್ನ ಸೂತ್ರಕ್ಕೆ ಹಾಕಿ
ಗುಣಿಸುತ್ತ ಕೂತಾಗ,
ನಾನು ಹುಟ್ಟಿಸಿದ ಹೊಗೆ ಕಾಗದದ ಮೇಲೆ ದಪ್ಪವಾಗುತ್ತ ಹೋದಾಗ
ಬೆವರಿದೆ.

ಅವಳು ಹೊರಡುವ ದಿನ, ಬೈಕಿಗೆ ಬ್ಯಾಗು ಕಟ್ಟುತ್ತಿದ್ದಳು.
"ಹದಿನೆಂಟನ್ನು ಹದಿನೈದು ಮಾಡಿಕೊಳ್ಳಮ್ಮ" ಅಂದೆ.
ಯಾರು ಕದ್ದರು ಎಂದು ಕೇಳಲಿಲ್ಲ ಹುಡುಗಿ.
ಪೆನ್ನು ತೆಗೆದು ಕೇಳಿದ್ದು:
"ಆ ಮೂರು ಎಲ್ಲಿ ಉರಿಯಿತು?"

ಕೈ ತೋರಿಸಿದೆ.
ಹೂಮಳೆ ತಪ್ಪಿದ ವರ್ಷ;
ಕೆಳಗಿನ ತೋಟದಲ್ಲಿ ಪಂಪು ಕೆಮ್ಮುತ್ತಿತ್ತು,
ಸ್ಪ್ರಿಂಕ್ಲರು ಸುತ್ತಿ ಸುತ್ತಿ ಎರಚಿದಷ್ಟು ದೂರಕ್ಕೂ
ರೊಬಸ್ಟಾ ಬೆಳ್ಳಗೆ ಅರಳಿ ನಿಂತಿತ್ತು.
ಘಮ ನಮ್ಮ ತನಕ ಬಂತು, ಅದರ ಹಿಂದೆಯೇ ಡೀಸೆಲ್ ವಾಸನೆ.

ಅವಳು ಬರೆದುಕೊಂಡಳು.
ಮೇಲೆ ಕುಂಞಿಮೊಯ್ದು ಗರಗಸದ ಹಗ್ಗ ಎಳೆದ,
ಹತ್ತಲಿಲ್ಲ.
ಮತ್ತೆ ಎಳೆದ.